ಕಟುಕನ ಟ್ಯುಲಿಪ್ ಮಡಿ

ಮಗಳು ತವರಿಗೆ ಬಂದಾಗ ಅವಳ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಮುರಿದ ಹಲ್ಲೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಗಂಡ ಬಸ್ ಡ್ರೈವರ್. ಎಂಟು ವರ್ಷ ಅವನ ಕೈಲಿ ಏಟು ತಿಂದು, ಪ್ರತಿಸಲವೂ ಮೆಟ್ಟಿಲ ಮೇಲೆ ಜಾರಿದೆ ಎನ್ನುತ್ತಿದ್ದವಳು ಈ ಸಲ ಕರವಸ್ತ್ರ ಬಿಚ್ಚಿ ಅಪ್ಪನ ಮುಂದಿಟ್ಟಳು.

ಅಪ್ಪ ಕಟುಕ. ಮುಂದೆ ಮಾಂಸದಂಗಡಿ, ಹಿಂದೆ ಮನೆ, ಅದರ ಹಿಂದೆ ಹಿತ್ತಲು. ಮಗಳ ಮುಖ ನೋಡಿದವನೇ ಗೋಡೆಯ ಮಚ್ಚಿಗೆ ಕೈ ಹಾಕಿದ. ಮಗಳು ಬಾಗಿಲಿಗೆ ಅಡ್ಡ ನಿಂತಳು.

“ಅಪ್ಪಾ, ನೀನು ಜೈಲಿಗೆ ಹೋದ್ರೆ ನಾನು ಯಾರ ಹತ್ರ ಇರ್ಲಿ?”

ಆತ ಹಲ್ಲು ಕಚ್ಚಿಕೊಂಡು ಮಚ್ಚನ್ನು ಮೊಳೆಗೆ ಸಿಕ್ಕಿಸಿದ. ಮರುದಿನ ಅವಳನ್ನು ಹಿತ್ತಲಿಗೆ ಕರೆದು ಕೈಗೆ ಗೆಡ್ಡೆಗಳ ಚೀಲ ಕೊಟ್ಟ. ಆತನಿಗಿದ್ದ ಹುಚ್ಚು ಅದೊಂದೇ: ಪಿಯೋನಿ ಹೂವಿನಂತೆ ಮುದ್ದೆಯಾಗಿ ಅರಳುವ, ಸುತ್ತು ಸುತ್ತು ಎಸಳಿನ ಟ್ಯುಲಿಪ್.

“ಚೂಪು ತುದಿ ಮೇಲಿರ್ಲಿ. ಒಂದು ಗೇಣು ಆಳ ತೋಡು. ಮೇಲ್ಮೇಲೆ ಇಟ್ರೆ ಇಲಿ ಪಾಲು.”

ಪ್ರತಿ ಗುಂಡಿಗೂ ಅಂಗಡಿಯ ಮೂಳೆಪುಡಿ ಬಿತ್ತು. ಪಕ್ಕದ ಮನೆಯ ದರ್ಜಿ ಹೆಂಗಸು ಕಿಟಕಿಯಿಂದ ಕೂಗಿದಳು: “ಕುರಿ ಕೊಯ್ಯೋ ಕೈಗೆ ಹೂವಿನ ಹುಚ್ಚು ನೋಡಿ!”

“ಕುರಿ ಮೂಳೆ ತಿಂದೇ ಕಣಮ್ಮ ಅದು ಅಷ್ಟು ದಪ್ಪ ಆಗೋದು.”

ಚಳಿಗಾಲದಲ್ಲಿ ಎರಡು ಸಲ ಅಂಗಡಿಯ ಗಾಜಿಗೆ ಕಲ್ಲು ಬಿತ್ತು. ಅಳಿಯನದೇ ಕೆಲಸವೆಂದು ದೂರು ಕೊಟ್ಟರೆ ಪೊಲೀಸರು ಬರೆದುಕೊಂಡು ಹೋದರು, ಅಷ್ಟೇ. ವಸಂತದಲ್ಲಿ ಹೂಗಳು ಬಿರಿದವು. ಕಡುಗೆಂಪು, ಮುಷ್ಟಿಗಿಂತ ದೊಡ್ಡವು. ಮಳೆನೀರು ಎಸಳೊಳಗೆ ನಿಂತು ಭಾರಕ್ಕೆ ದಂಟುಗಳು ಬಾಗಿದವು. ಒಂದು ಮಧ್ಯಾಹ್ನ ಮಗಳು ಅವಕ್ಕೆ ಕಡ್ಡಿ ಊರಿ ದಾರ ಕಟ್ಟುತ್ತಿದ್ದಾಗ ಗಂಡ ಹಿತ್ತಲ ಗೋಡೆ ಹಾರಿ ಬಂದ.

“ನಡಿ ಮನೆಗೆ.”

“ಬರಲ್ಲ.”

ಅವನು ಅವಳ ಜುಟ್ಟು ಹಿಡಿದು ಹೂಮಡಿಯ ಉದ್ದಕ್ಕೂ ಎಳೆದ. ದಂಟುಗಳು ಲಟಲಟ ಮುರಿದವು. ಬಾಯಿಗೆ ಕೆಸರು ನುಗ್ಗಿತು. ಪಕ್ಕೆಗೆ ಬೂಟು ಬಿತ್ತು, ಇನ್ನೊಮ್ಮೆ ಬಿತ್ತು. ತಡಕಾಡಿದ ಅವಳ ಕೈಗೆ ಸಲಿಕೆಯ ಹಿಡಿ ಸಿಕ್ಕಿತು.

ಮೊದಲ ಏಟು ಮಂಡಿಗೆ. ಅವನು ಕುಸಿದ. ಎರಡನೆಯದು ಹೆಗಲಿಗೆ, ಮೂಳೆ ಮುರಿದ ಸದ್ದು ದರ್ಜಿಯ ಕಿಟಕಿಗೂ ಕೇಳಿಸಿತು. ಅಡ್ಡ ಹಿಡಿದ ಬಲಗೈಯನ್ನು ಮೂರನೆಯದು ಸೀಳಿತು. ನಾಲ್ಕನೆಯದಕ್ಕೆ ತಲೆ ನೋಡಿ ಸಲಿಕೆ ಎತ್ತಿದಳು.

ಹಿಂದಿನಿಂದ ಅಪ್ಪ ಹಿಡಿಯನ್ನು ತಡೆದ. ಏಟು ಎಲ್ಲಿ ಬಿದ್ದರೆ ಜೀವ ಹೋಗುತ್ತದೆಂದು ಮೂವತ್ತು ವರ್ಷದಿಂದ ಬಲ್ಲವನು.

“ಸಾಕು ಮಗಳೇ. ಅಲ್ಲಿ ಬಿದ್ರೆ ಸಾಯ್ತಾನೆ.”

“ಸಾಯ್ಲಿ!”

“ಸತ್ರೆ ಜೀವಮಾನವಿಡೀ ನಿನ್ನ ಬಿಡಲ್ಲ. ಬದುಕಿದ್ರೆ ಇವತ್ತಿಗೇ ಬಿಡ್ತಾನೆ.”

ಅವಳು ಅಪ್ಪನ ತೋಳು ಕಚ್ಚಿದಳು. ರಕ್ತ ಬಂದರೂ ಆತ ಬಿಡಲಿಲ್ಲ. ಕೊನೆಗೆ ಅವಳ ಬೆರಳುಗಳೇ ಸಡಿಲವಾದವು.

“ಮಾವಾ, ಕಾಪಾಡಿ,” ಎಂದು ಅಳಿಯ ನರಳಿದ.

“ಮಾವ ಗೀವ ಅನ್ಬೇಡ. ಅಲ್ಲಾಡದೆ ಬಿದ್ಕೊ.” ಆತ ತನ್ನ ಏಪ್ರನ್ ಹರಿದು, ಸೀಳಿದ ಕೈಗೆ ಬಿಗಿಯಾಗಿ ಕಟ್ಟಿದ.

ದರ್ಜಿ ಹೆಂಗಸು ನ್ಯಾಯಾಲಯಕ್ಕೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಪ್ರಾಣ ಉಳಿಸಿಕೊಳ್ಳಲು ಹೊಡೆದಳೆಂದು ಮಗಳನ್ನು ಬಿಟ್ಟರು. ವಿಚ್ಛೇದನವೂ ಆಯಿತು. ಸ್ಟಿಯರಿಂಗ್ ತಿರುಗಿಸಲು ಅವನ ಕೈ ಮತ್ತೆ ಬಗ್ಗಲಿಲ್ಲ. ಗೋಡೆ ಹಾರಿ ಬಂದು ಹೊಡೆದದ್ದಕ್ಕೆ ಜೈಲುಶಿಕ್ಷೆಯಾಯಿತು; ಅದನ್ನು ಮುಗಿಸಿದವನು ಬೇರೆ ಊರು ಸೇರಿದ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಬೇಸಿಗೆಯಲ್ಲಿ ಮಗಳಿಗೆ ನೆಮ್ಮದಿ ಇರಲಿಲ್ಲ. ಚಾಕು ಮುಟ್ಟದೆ ತರಕಾರಿಯನ್ನು ಕೈಯಿಂದಲೇ ಮುರಿಯುತ್ತಿದ್ದಳು.

“ಅಪ್ಪಾ, ಆ ಮೂರನೇ ಏಟು ಹೊಡೆದಾಗ ನಂಗೆ ಖುಷಿಯಾಯ್ತು,” ಎಂದಳು ಒಂದು ದಿನ, ತಲೆ ತಗ್ಗಿಸಿ.

ಅಪ್ಪ ಒರೆಸುತ್ತಿದ್ದ ಮಚ್ಚನ್ನು ಕೆಳಗಿಟ್ಟ. “ಅದಕ್ಕೆ ಹೆದರಿಕೆ ಆಗ್ತಿದೆ ತಾನೆ?”

“ತುಂಬಾ.”

“ಹಾಗಾದ್ರೆ ನೀನು ಅವನ ಥರ ಅಲ್ಲ. ಏಳು, ಎಲೆ ಹಳದಿ ಆಗಿದೆ. ಗೆಡ್ಡೆ ಕೀಳೋಣ.”

ತುಳಿದ ಮಡಿಯಲ್ಲಿ ಅರ್ಧಕ್ಕರ್ಧ ಕೊಳೆತಿದ್ದವು. ಗಟ್ಟಿ ಇದ್ದವನ್ನು ಅವಳು ಬರಿಗೈಯಲ್ಲೇ ಬಗೆದು ತೆಗೆದು, ಮಣ್ಣು ಒರೆಸಿ, ಒಣಗಲು ಒಂದೊಂದಾಗಿ ಹರಡಿದಳು.