ರಂಜಿನಿಗೆ ಹಾಕಿಕೊಟ್ಟ ಪ್ರೊಸೆಸರ್

ನಂಜನಗೂಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಬಸವೇಶ್ ಸುಳ್ಳುಗಾರನೇನಲ್ಲ. ಆದರೆ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತ ಹಳೇ ಮಾಲು ಕಂಡರೆ ಎಂಥ ಸತ್ಯವಂತನ ನಾಲಿಗೆಯೂ ಒಂದಿಷ್ಟು ಜಾರುತ್ತದೆ. ಹೆಮ್ಮರಗಾಲದ ರಂಜಿನಿ ಬಂದು, ಗೇಮ್ ಆಡುತ್ತಲೇ ಅದನ್ನು ಲೈವ್ ಬಿಡಬೇಕು, ಯಾವ ಪ್ರೊಸೆಸರ್ ಸರಿ ಎಂದು ಕೇಳಿದಾಗ ಆದದ್ದೂ ಅದೇ. ಆಟ ಓಡಿಸುವುದು ಒಂದು ಕೆಲಸ, ಆ ಚಿತ್ರವನ್ನು ಆಗಿಂದಾಗಲೇ ಕುಗ್ಗಿಸಿ ಜನಕ್ಕೆ ಕಳಿಸುವುದು ಇನ್ನೊಂದು. ಎರಡನ್ನೂ ಹೊರಲು ಎಂಟು ಕೋರ್‌ನ, ಅಂದರೆ ಎಂಟು ಕೈಯಿದ್ದಂಥ, ಪ್ರೊಸೆಸರಾದರೂ ಬೇಕು. ಬಸವೇಶನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಪಾಟಿನಲ್ಲಿದ್ದದ್ದು ನಾಲ್ಕು ಕೋರ್‌ನದು.

“ನಂಗೇನ್ ಗೊತ್ತಣ್ಣ, ನೀವೇ ಒಂದ್ ಒಳ್ಳೇದ್ ನೋಡಿ ಆಕ್ಬುಡಿ,” ಎಂದಳು ಹುಡುಗಿ.

ಅವನು ಹಾಕಿಬಿಟ್ಟ.

ಮೊದಮೊದಲು ಅಂಗಡಿಯಲ್ಲಿ ಕೂತೇ ಅವಳ ಲೈವ್ ನೋಡುತ್ತಿದ್ದ. ಆಹಾ, ಏನು ಬಾಯಿ ಆ ಹುಡುಗಿಯದು! “ಓಡ್ಲಾ, ಗೋಡೆ ಇಂದುಕ್ ಓಗ್ಲಾ, ಸತ್ತೋಯ್ತೀಯ,” ಎಂದು ಗದರಿದರೆ ಅವಳೂರಿನ ಜಗಲಿಯ ಮೇಲೇ ಕೂತು ಕೇಳಿದಂತಿರುತ್ತಿತ್ತು. ಆದರೆ ಆಟ ಜೋರಾಗುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತು, ಮಾತು ತುಂಡಾಗುತ್ತಿತ್ತು. ನೋಡುವವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಬಸವೇಶ್ ಮೊಬೈಲನ್ನು ಬೋರಲು ಹಾಕುತ್ತಿದ್ದ.

ಆಮೇಲೊಂದು ದಿನ ನೋಡಿದರೆ ದನಿ ರಂಜಿನಿಯದೇ, ಮಾತು ಮಾತ್ರ ಯಾರದೋ. “ವೀಕ್ಷಕರೇ, ಈಗ ನಾವು ಗೋಡೆಯ ಹಿಂಭಾಗಕ್ಕೆ ತೆರಳೋಣ.” ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಸಂತೆಗೆ ಬಂದಿದ್ದ ಅವಳ ತಾಯಿ ಮಾದಮ್ಮನನ್ನು ತಡೆದು ವಿಚಾರಿಸಿದ. ತನ್ನ ಬೀದಿಮಾತು ಸಹಿಸಲಾರದೆ ಜನ ಹೋಗುತ್ತಿದ್ದಾರೆಂದು ಮಗಳು ಅತ್ತಳಂತೆ. ಈಗ ದಿನಾ ಕನ್ನಡಿ ಮುಂದೆ ನಿಂತು ವಾರ್ತೆಯವರ ಹಾಗೆ ಮಾತಾಡಿ ಕಲಿಯುತ್ತಿದ್ದಾಳಂತೆ. ಮಾದಮ್ಮ ಇದನ್ನು ಹೆಮ್ಮೆಯಿಂದಲೇ ಹೇಳಿದಳು.

ಬಸವೇಶ್ ಎಂಟು ಕೋರ್‌ನದನ್ನು ತರಿಸಿ, ಬೈಕ್ ಹತ್ತಿ ಹೆಮ್ಮರಗಾಲಕ್ಕೆ ಹೋದ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ತಲೆ ಎತ್ತದೆ ಹೇಳಿದ: “ಜನ ಹೋಗಿದ್ದು ನಿನ್ ಮಾತಿಗಲ್ಲ ಕಣಮ್ಮ. ಇದು ತಡೆಯಲ್ಲ ಅಂತ ಗೊತ್ತಿದ್ದೂ ನಾನೇ ಹಾಕ್ಕೊಟ್ಟೆ. ತಪ್ಪು ನಂದು.”

ಊರ ಬಾಯಲ್ಲಿ ಅವಳು ನಾಲ್ಕು ಬೈದಿದ್ದರೆ ಸಾಕಿತ್ತು, ಎದೆ ಹಗುರಾಗುತ್ತಿತ್ತು. ರಂಜಿನಿ ಹಳೆಯ ಪ್ರೊಸೆಸರನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, “ಪರವಾಗಿಲ್ಲ ಬಿಡಿ ಸರ್,” ಎಂದಳು. ಅಣ್ಣ ಎನ್ನಲಿಲ್ಲ.

ಅವತ್ತು ಸಂಜೆ ಲೈವ್ ಎಲ್ಲೂ ನಿಲ್ಲಲಿಲ್ಲ. ವೀಕ್ಷಕರೇ, ನಮಸ್ಕಾರ ಎಂಬಲ್ಲಿಂದ ಹಿಡಿದು ಒಂದಕ್ಷರವೂ ತುಂಡಾಗಲಿಲ್ಲ. ಎಲ್ಲಾದರೂ ಒಮ್ಮೆ ಓಡ್ಲಾ ಅನ್ನುತ್ತಾಳೇನೋ ಎಂದು ಬಸವೇಶ್ ಕೊನೆಯವರೆಗೂ ಕಿವಿಗೊಟ್ಟು ಕೂತಿದ್ದ. ಅನ್ನಲಿಲ್ಲ.