ಒಂದೇ ಹಂಡೆಯ ಕೆಂಪು

ಒಂದೇ ಸಾಮಾನನ್ನು ಎರಡು ಕಡೆ ಇಡುವುದಕ್ಕೆ ಎರಡು ಹಾರ್ಡ್ ಡಿಸ್ಕ್ ಕೊಳ್ಳುತ್ತೇನೆಂದು ನನ್ನ ಹೆಂಡತಿ ರೊಸಾಂದಾ ಹೇಳಿದಾಗ, ನಾನು ಕಾಫಿಯನ್ನು ಕೆಳಗಿಟ್ಟು ಅವಳ ಹಣೆ ಮುಟ್ಟಿ ನೋಡಿದೆ. ನಮ್ಮ ಪಿರೋಟ್ ಊರಿನವರು ಜಿಪುಣರೆಂದು ಇಡೀ ಸರ್ಬಿಯಾ ನಗುತ್ತದೆ. ಮುಳ್ಳು ಸವೆಯಬಾರದೆಂದು ರಾತ್ರಿ ಗಡಿಯಾರ ನಿಲ್ಲಿಸಿ ಮಲಗುತ್ತೇವಂತೆ. ಬಸ್ ಓಡಿಸಿ ನಿವೃತ್ತನಾದ ಮೇಲೆ ಊರಿನ ಆ ಹೆಸರು ಕಾಪಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

"ಎರಡ್ರಲ್ಲೂ ಅದೇ ಇರುತ್ತಾ?" ಎಂದೆ.

"ಅದೇ. ಒಂದೆಳೆನೂ ಬೇರೆ ಇರಲ್ಲ."

"ಅಂದ್ರೆ ಒಬ್ಬ ಹೆಂಡ್ತಿ ಸಾಲ್ದು ಅಂತ ಥೇಟ್ ಅವಳ ಥರದವಳನ್ನೇ ಇನ್ನೊಬ್ಬಳನ್ನ ಕಟ್ಕೊಂಡ ಹಾಗೆ."

"ನಿನ್ನ ಮೋರೆಗೆ ಒಬ್ಬಳೇ ಜಾಸ್ತಿ. ಕಾಲೆತ್ತು ತಿಹೊ," ಎಂದು ನನ್ನ ಕಾಲಡಿಯ ಜಮಖಾನದ ಮೂಲೆಯನ್ನು ಮಗುಚಿ ಹಿಡಿದಳು. "ಇದ್ರಲ್ಲಿ ಮುಂದಿನ ಮೈ ಯಾವ್ದು, ಹಿಂದಿನ ಮೈ ಯಾವ್ದು, ಹೇಳು ನೋಡೋಣ."

ಹೇಳುವುದಕ್ಕೆ ಏನಿದೆ? ನಮ್ಮೂರಿನ ಜಮಖಾನಕ್ಕೆ ಬೆನ್ನೇ ಇಲ್ಲ. ಎರಡು ಕಡೆಯೂ ಒಂದೇ ಚಿತ್ತಾರ.

"ಒಂದು ಮೈ ಸವೆದ್ರೆ ತಿರುಗಿಸಿ ಹಾಸ್ತೀವಲ್ಲ, ಇದೂ ಹಾಗೇನೆ. ಒಂದು ಡಿಸ್ಕ್ ಸತ್ರೆ ಇನ್ನೊಂದು ಇರುತ್ತೆ. ಹಳೇದು ಆಗ್ಲೇ ಟಿಕ್ ಟಿಕ್ ಅಂತಿದೆ. ಅದ್ರಲ್ಲಿ ಅಮ್ಮನ ಜಮಖಾನ ಇದೆ."

ನಾನು ಎದ್ದು ದುಡ್ಡಿನ ಡಬ್ಬಿ ತೆಗೆದೆ. ಅವಳ ತಾಯಿ ಯೆವ್ರೊಸಿಮಾ ಚಿತ್ತಾರವನ್ನು ಮನಸ್ಸಿನಿಂದಲೇ ಹುಟ್ಟಿಸಿ ನೇಯ್ದದ್ದು ಒಂದೇ ಒಂದು ಜಮಖಾನ. ಗಂಡನ ಕಾಯಿಲೆಯ ಕಾಲದಲ್ಲಿ ಅದನ್ನು ಮಾರಬೇಕಾಯಿತು. ರೊಸಾಂದಾ ಅದನ್ನು ಹುಡುಕಿ ಹುಡುಕಿ ಕೊನೆಗೆ ಬೆಲ್‌ಗ್ರೇಡಿನ ಒಂದು ಮನೆಯಲ್ಲಿ ಪತ್ತೆ ಮಾಡಿದಳು. ಮನೆಯವರು ಮಾರಲು ಒಪ್ಪಲಿಲ್ಲ, ಫೋಟೋ ತೆಗೆಯಲು ಮಾತ್ರ ಬಿಟ್ಟರು. ಆಮೇಲೆ ಅದನ್ನು ಕಟ್ಟಿಕೊಂಡು ಅವರು ದೇಶ ಬಿಟ್ಟೇ ಹೋದರು. ಟೈರ್ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬರೆಯುತ್ತಿದ್ದವಳು ನನ್ನವಳು. ಎಳೆಗೊಂದು ಚೌಕದಂತೆ ಇಡೀ ಜಮಖಾನವನ್ನು ಎರಡು ಚಳಿಗಾಲ ಕೂತು ಕಂಪ್ಯೂಟರಿಗೆ ಇಳಿಸಿದ್ದಳು. ಈಗ ಅದನ್ನು ನೋಡಿಕೊಂಡು ನೇಯಲು ಮಗ್ಗಕ್ಕೆ ಹಾಸು ಏರಿಸಿದ್ದಳು.

ಅವಸರವೂ ಇತ್ತು. ಪಕ್ಕದ ಬೀದಿಯ ಅವಳ ಅಕ್ಕ ಸ್ತಮೇನಾಳ ಕಣ್ಣು ದಿನೇ ದಿನೇ ಮಬ್ಬಾಗುತ್ತಿತ್ತು. ಇದಕ್ಕೆ ಔಷಧಿ ಇಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. "ಕತ್ತಲಾಗೋದ್ರೊಳಗೆ ಅಮ್ಮನ ಜಮಖಾನ ಒಂದ್ಸಲ ನೋಡ್ಬೇಕು ಕಣೆ," ಎಂದು ಆಕೆ ಕೇಳಿದ್ದು ಅದೊಂದನ್ನೇ.

ಡಿಸ್ಕ್ ಕೊಳ್ಳಲು ನಾನೂ ಜೊತೆಗೆ ಹೋದೆ. ಅಂಗಡಿಯವನು ಬೇರೆ ಬೇರೆ ಕಂಪನಿಯ ಎರಡನ್ನು ಮುಂದಿಟ್ಟ. ರೊಸಾಂದಾ ಅವನನ್ನು ಗದರಿದಳು.

"ಇದೇನಪ್ಪ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು? ಒಂದೇ ಪೆಟ್ಟಿಗೆಯಿಂದ ಎರಡು ಕೊಡು. ಅಕ್ಕಪಕ್ಕದ ನಂಬರ್ ಇರ್ಬೇಕು."

"ಬೇರೆ ಬೇರೆ ಇದ್ರೇನೇ ಒಳ್ಳೇದು ಅಂತಾರಮ್ಮ..."

"ಅನ್ನೋರು ಯಾವತ್ತಾದ್ರೂ ಉಣ್ಣೆಗೆ ಬಣ್ಣ ಹಾಕಿದಾರಾ?"

ಪಿರೋಟಿನ ನೇಕಾರ ಹೆಂಗಸಿನ ಹತ್ತಿರ ಈ ವಾದ ನಡೆಯುವುದಿಲ್ಲ. ಒಂದು ಜಮಖಾನದ ಕೆಂಪೆಲ್ಲ ಒಂದೇ ಹಂಡೆಯಲ್ಲಿ ಅದ್ದಿದ್ದಾಗಿರಬೇಕು. ಎರಡನೇ ಹಂಡೆಯ ಕೆಂಪು ಎಷ್ಟೇ ಹೊಂದಿದರೂ ಬಿಸಿಲಿಗೆ ಹಿಡಿದಾಗ ಪಟ್ಟೆಯಾಗಿ ಕಾಣುತ್ತದೆ. ಅಂಥ ಒಂದು ಪಟ್ಟೆಗಾಗಿ ರೊಸಾಂದಾ ಪೂರ್ತಿ ಅಂಚನ್ನೇ ಬಿಚ್ಚಿ ಮತ್ತೆ ನೇಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಗಡಿಯವನು ತೆಪ್ಪಗೆ ಒಂದೇ ಪೆಟ್ಟಿಗೆಯಿಂದ ಜೋಡಿ ತೆಗೆದುಕೊಟ್ಟ.

ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರಿನ ಹೊಟ್ಟೆ ತೆರೆದಳು. ಸ್ಕ್ರೂಗಳು ನಾನು ರಕಿಯಾ ಸಾರಾಯಿ ಕುಡಿಯುವ ಗ್ಲಾಸಿಗೆ ಬಿದ್ದವು. ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್. ಬಿಟ್ಟಿ ಸಿಗುತ್ತದೆ ಎಂಬ ಕಾರಣಕ್ಕೆ ನನಗೂ ಅದರ ಮೇಲೆ ಗೌರವ. ಅವಳು ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಬರೆದು, ಬರೆದದ್ದನ್ನು ಬೆರಳಿಟ್ಟು ಓದಿ, ಆಮೇಲೆ ಗುಂಡಿ ಒತ್ತುತ್ತಿದ್ದಳು. ಎರಡು ಡಿಸ್ಕೂ ಒಂದೇ ಹೆಸರಿನಡಿ ಸೇರಿದವು. ಇದಕ್ಕೆ ರೇಡ್ ಎನ್ನುತ್ತಾರಂತೆ. ಪರದೆಯ ಕೊನೆಯಲ್ಲಿ ಯು ಎಂಬ ಅಕ್ಷರ ಎರಡು ಸಲ ಬಂತು. ಇಬ್ಬರೂ ಕೆಲಸದ ಮೇಲಿದ್ದಾರೆ ಎಂದು ಅದರ ಅರ್ಥ.

ಅಷ್ಟಕ್ಕೇ ಸುಮ್ಮನಾಗುವವಳಲ್ಲ ಅವಳು. ಹಳೇ ಡಿಸ್ಕಿನಿಂದ ಜೋಡಿಗೆ ಇಳಿಸಿದ ಅಮ್ಮನ ಜಮಖಾನವನ್ನು ಪರದೆಯ ಮೇಲೆ ತೆರೆದಿಟ್ಟು, ಕಂಪ್ಯೂಟರ್ ಓಡುತ್ತಿರುವಾಗಲೇ ಒಂದು ಡಿಸ್ಕಿನ ವೈರನ್ನು ಕಿತ್ತುಬಿಟ್ಟಳು. ಒಂದು ಯು ಅಳಿಸಿಹೋಗಿ ಅಲ್ಲೊಂದು ಗೀಟು ಬಂತು. ಜಮಖಾನ ಮಾತ್ರ ಇದ್ದ ಹಾಗೇ ಇತ್ತು. ವೈರನ್ನು ಮತ್ತೆ ಸಿಕ್ಕಿಸಿ ಇನ್ನೊಂದು ಸಾಲು ಬರೆದಳು. ಇದ್ದವನು ಬಂದವನಿಗೆ ಎಲ್ಲವನ್ನೂ ಹೇಳಿಕೊಡತೊಡಗಿದ. ನಾನು ಊರಿನ ಮರ್ಯಾದೆ ಮರೆತು ಅವಳ ಗ್ಲಾಸಿಗೆ ಅಂಚಿನವರೆಗೂ ರಕಿಯಾ ಸುರಿದೆ.

ಪ್ಲಮ್ ಮರ ಹೂ ಬಿಡುವ ಹೊತ್ತಿಗೆ ಅರ್ಧ ಜಮಖಾನ ಮಗ್ಗದ ಮೇಲೆ ಏರಿತ್ತು. ಒಂದು ಬೆಳಿಗ್ಗೆ ಪರದೆಯ ಮೇಲೆ ಗೀಟು ಕಂಡಿತು. ಯಾರೂ ವೈರು ಕಿತ್ತಿರಲಿಲ್ಲ. ರೊಸಾಂದಾ ಕಂಪ್ಯೂಟರ್ ಆರಿಸಿ, ಹೊಸ ಡಿಸ್ಕ್ ಬರುವವರೆಗೆ ಅದನ್ನು ಮುಟ್ಟಲಿಲ್ಲ. ಬಂದ ಮೇಲೆ ಕೂರಿಸಿ ನಕಲು ಶುರುಮಾಡಿದಳು. ಸ್ವಲ್ಪ ಹೊತ್ತಿಗೆ, ಜೋಡಿಯಲ್ಲಿ ಉಳಿದಿದ್ದ ಇನ್ನೊಂದರೊಳಗಿಂದ ಟಿಕ್ ಎಂಬ ಸದ್ದು ಬಂತು. ಮತ್ತೆ ಟಿಕ್.

ಅವಳು ಡಿಸ್ಕಿನ ಹತ್ತಿರ ಕಿವಿ ತಂದಳು. "ಇವೆರಡೂ ಒಂದೇ ಹಂಡೆಯವು, ತಿಹೊ."

ಒಂದೇ ದಿನ ಹುಟ್ಟಿದವು, ಒಂದೇ ಸಮ ದುಡಿದವು. ಸಾವೂ ಜೊತೆಗೇ ಬರುವುದು ಸಹಜವಲ್ಲವೇ? ನನಗೆ ಆಗ ಅರ್ಥವಾಯಿತು.

"ಬೇರೆ ನಕಲು ಇಲ್ವಾ?"

"ಮೊದಲಿನ ಹಳೇ ಡಿಸ್ಕ್ ಆಗ್ಲೇ ಸತ್ತಿದೆ. ಜೋಡಿ ಇದೆಯಲ್ಲ ಅಂತ ನಂಬ್ಕೊಂಡು ಕೂತೆ."

ನಕಲನ್ನು ನಿಲ್ಲಿಸಿದಳು. ಸಾಯುತ್ತಿರುವವನ ಹತ್ತಿರ ಇಡೀ ಮನೆಯ ಸಾಮಾನು ಹೊರಿಸುವುದು ಬೇಡ, ಅಮ್ಮನದನ್ನು ಮಾತ್ರ ಕೇಳೋಣ ಎಂದು ಚಿಕ್ಕ ಪೆನ್ ಡ್ರೈವ್ ಚುಚ್ಚಿದಳು. ಪರದೆಯ ಮೇಲಿನ ಪಟ್ಟಿ ಮುಕ್ಕಾಲು ಹರಿದು ನಿಂತಿತು. ಟಿಕ್. ಟಿಕ್.

"ಏನಾದ್ರೂ ಮಾಡೇ!"

"ಏನೂ ಮಾಡ್ಬಾರ್ದು. ಅದೇ ಮಾಡ್ತಿದೀನಿ. ಅದಕ್ಕೆ ಉಸಿರಾಡೋಕೆ ಬಿಡು."

ಕೈ ಮಡಿಲಲ್ಲಿಟ್ಟು ಕೂತಳು. ಬೆಟ್ಟದ ತಿರುವಿನಲ್ಲಿ ಬ್ರೇಕ್ ಸಡಿಲವಾದಾಗ ಒಮ್ಮೆ ನಾನು ಕೂಗಾಡಿ ಪ್ರಯಾಣಿಕರನ್ನೆಲ್ಲ ಹೆದರಿಸಿದ್ದೆ. ಇವಳು ಚಾಲಕಿಯಾಗಬೇಕಿತ್ತು. ಪಟ್ಟಿ ಮೆಲ್ಲನೆ ಅಲುಗಿತು, ಹರಿಯಿತು, ತುಂಬಿತು. ಅವಳು ಪೆನ್ ಡ್ರೈವ್ ಕಿತ್ತು ಮುಷ್ಟಿಯಲ್ಲಿ ಹಿಡಿದು ಎದ್ದುಹೋಗಿ ಬಚ್ಚಲಿನಲ್ಲಿ ಅತ್ತಳು. ಹೊರಗೆ ನಿಂತು ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಉಳಿದದ್ದನ್ನೂ ಸಾಯುತ್ತಿದ್ದ ಆ ಡಿಸ್ಕ್ ಸಂಜೆಯೊಳಗೆ ಒಪ್ಪಿಸಿ, ಆ ವಾರವೇ ಕಣ್ಣುಮುಚ್ಚಿತು. ಅದರ ಜಾಗಕ್ಕೆ ಬೇರೆ ಅಂಗಡಿಯಿಂದ, ಬೇರೆ ಕಂಪನಿಯ ಡಿಸ್ಕ್ ಬಂತು.

ಜಮಖಾನ ಇನ್ನೇನು ಮುಗಿಯಬೇಕು, ಕೊನೆಯ ಅಂಚಿಗೆ ಕೆಂಪು ಉಣ್ಣೆ ಸಾಲದೆ ಹೋಯಿತು. ಹೊಸದಾಗಿ ಅದ್ದಿದ ಕೆಂಪು ಕೂದಲೆಳೆಯಷ್ಟು ಗಾಢವಾಯಿತು. ಇನ್ನು ಬಿಚ್ಚಿ ಮತ್ತೆ ನೇಯುತ್ತಾಳೆ, ಬೇಸಿಗೆ ಇದರಲ್ಲೇ ಕಳೆಯಿತು ಎಂದುಕೊಂಡೆ. ಸ್ತಮೇನಾ ಹಿಂದಿನ ದಿನವಷ್ಟೇ ನಮ್ಮ ಮನೆಯ ಮೆಟ್ಟಿಲು ಕಾಣದೆ ಎಡವಿದ್ದಳು. ರೊಸಾಂದಾ ಹಳೆಯ ಕೆಂಪಿನ ಉಳಿಕೆಯನ್ನೂ ಹೊಸ ಉಂಡೆಯನ್ನೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಳು. ಆಮೇಲೆ ಗಾಢ ಕೆಂಪನ್ನು ತೆಗೆದುಕೊಂಡು ಕೂತು ನೇಯ್ದಳು.

ಮಗ್ಗದಿಂದ ಇಳಿಸಿದ ದಿನ ಅಂಗಳದ ಬಿಸಿಲಿನಲ್ಲಿ ಹಾಸಿದೆವು. ಸ್ತಮೇನಾಳನ್ನು ಕೈಹಿಡಿದು ಕರೆತಂದೆ. ಆಕೆ ಮಂಡಿಯೂರಿ, ಮೂಗು ತಾಗುವಷ್ಟು ಬಗ್ಗಿ, ಒಂದು ತುದಿಯಿಂದ ಅಂಗೈ ಆಡಿಸುತ್ತಾ ಹೊರಟಳು. ಮಗುಚಿ ಹಿಂದಿನ ಮೈ ನೋಡಿದಳು. ಕಾಣುತ್ತಿದೆಯೋ, ಬರೀ ಸವರುತ್ತಿದ್ದಾಳೋ ತಿಳಿಯಲಿಲ್ಲ. ರೊಸಾಂದಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಯ ಅಂಚಿನ ಹತ್ತಿರ ಸ್ತಮೇನಾಳ ಕೈ ನಿಂತಿತು.

"ಇದೇನೇ ಇದು?" ಅಕ್ಕನ ದನಿ ಸಿಡುಕಿತು. "ಎರಡು ಕೆಂಪು! ಅಮ್ಮ ಇದ್ದಿದ್ರೆ ನಿನ್ನ ಬೆರಳು ಮುರೀತಿದ್ಲು. ನಾಚಿಕೆ ಆಗ್ಬೇಕು ನಿಂಗೆ!"

ಬೆರಳಿನಿಂದ ಸವರಿದರೆ ಬಣ್ಣ ತಿಳಿಯುವುದಿಲ್ಲ. ರೊಸಾಂದಾ ನನ್ನ ತೋಳು ಬಿಟ್ಟು ಓಡಿಹೋಗಿ ಅಕ್ಕನನ್ನು ಅಪ್ಪಿಕೊಂಡಳು.

"ಬೈಯಿ ಅಕ್ಕ," ಎಂದಳು. "ಇನ್ನೂ ಬೈಯಿ."