ನಿನ್ನದೇ ಅಂದ್ಕೋ

ಬೇಸಿಗೆಯ ಬಿಸಿಲು ನೆತ್ತಿಗೇರಿತ್ತು. ತಾಯಿ ಮಗಳು ಬೆಳಗಿನಿಂದ ಬಾವಿಯ ನೀರು ಸೇದಿ ಸಸಿಮಡಿಗೆ ಹೊರುತ್ತಿದ್ದರು. ಸಸಿ ಬೆಳೆಸಿ ಮಾರುವುದೇ ಆ ಮನೆಯ ಅನ್ನ. ಹೀಗೆ ಕೊಡದಲ್ಲೇ ಹೊಯ್ಯುತ್ತ ಕೂತರೆ ಮೆಣಸಿನ ಸಸಿಯಷ್ಟೂ ಸುಟ್ಟುಹೋಗುವುದು ಖಂಡಿತ. ಮನೆಯ ಪಂಪನ್ನು ಸೋದರಮಾವ ಎರವಲು ಒಯ್ದಿದ್ದ, ಒಯ್ದವನು ಮಾರಿಕೊಂಡಿದ್ದ. ಕೇಳಿದರೆ, "ಅಕ್ಕ ನನಗೇ ಕೊಟ್ಟಳು" ಎನ್ನುತ್ತಿದ್ದ.

ಅಂದು ಮಧ್ಯಾಹ್ನ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಅದರದೇ ವಿಚಾರಣೆ. ಅಲ್ಲಿ ವಕೀಲರೇ ಬೇಕೆಂದಿಲ್ಲ, ಮನೆಯವರು ಮಾತಾಡಬಹುದಿತ್ತು. ತಾಯಿಗೋ ತಮ್ಮನ ಎದುರು ನಾಲಗೆಯೇ ಏಳದು.

"ನೀನೇ ಮಾತಾಡು. ಆದ್ರೆ ಬಾಯಿ ಬಿಗಿ ಹಿಡ್ಕೊಂಡು."

"ಬಾಯಿ ಬಿಗಿ ಹಿಡ್ಕೊಂಡು ಮಾತಾಡೋದು ಹೇಗಮ್ಮ?" ಮಗಳು ಕೊಡ ಕುಕ್ಕಿದಳು.

ಕೋರ್ಟಿನ ಕೋಣೆ ಇಕ್ಕಟ್ಟು. ಫ್ಯಾನಿನ ಸದ್ದಿತ್ತೇ ಹೊರತು ಗಾಳಿಯಿರಲಿಲ್ಲ. ಮಾವ ಇಸ್ತ್ರಿ ಅಂಗಿ ತೊಟ್ಟು ಬೆಣ್ಣೆಯಂತೆ ಕೈಮುಗಿದು ನಿಂತಿದ್ದ.

"ಪಂಪು ಕೊಡುವಾಗ ಇವರು ಏನಂದ್ರು?" ನ್ಯಾಯಾಧೀಶರು ಕೇಳಿದರು.

"'ನಿನ್ನದೇ ಅಂದ್ಕೋ ತಮ್ಮಾ' ಅಂದ್ಳು ಸ್ವಾಮಿ. ಅವಳನ್ನೇ ಕೇಳಿ, ನಮ್ಮಕ್ಕ ಸುಳ್ಳಾಡೋಳಲ್ಲ."

ತಾಯಿ ತಲೆ ತಗ್ಗಿಸಿ, "ಅಂದೆ" ಎಂದಳು.

ಮಗಳಿಗೆ ಮೈಯೆಲ್ಲ ಉರಿಯಿತು. ಎರವಲು ಕೊಟ್ಟ ಸೌಟಿಗೂ ಹಾಗೆನ್ನುವ ಹೆಂಗಸು ಅವಳ ತಾಯಿ.

"ನಿನ್ನದರ ಹಾಗೆ ಜೋಪಾನ ಮಾಡು ಅಂತ ಅರ್ಥ ಸ್ವಾಮಿ!"

"ಅರ್ಥ ಇರ್ಲಿ. ಆಡಿದ ಮಾತು ಹಾಗಿಲ್ವಲ್ಲಮ್ಮ."

ಮಾವ ಮೀಸೆಯಡಿಯಲ್ಲೇ ನಕ್ಕ. ಮಗಳು ಮತ್ತೆ ನ್ಯಾಯಾಧೀಶರತ್ತ ತಿರುಗಿದಳು.

"ಸ್ವಾಮೀ, ನನ್ನನ್ನ ನಿಮ್ಮ ಮಗಳೇ ಅಂದ್ಕೊಳ್ಳಿ, ಒಂದು ಮಾತು ಕೇಳಿ..." ಎಂದವಳು ಗಕ್ಕನೆ ನಿಂತಳು. ತಾನಾಡಿದ್ದು ತನಗೇ ಕೇಳಿಸಿತ್ತು. "ಅಂದ್ಕೊಂಡ್ರಾ? ಹಾಗಾದ್ರೆ ನಿಮ್ಮ ಮನೇಲಿ ನನ್ನ ಪಾಲೆಷ್ಟು, ಈಗ್ಲೇ ಹೇಳ್ಬಿಡಿ!"

ಗುಮಾಸ್ತ ಕೆಮ್ಮಿದ. ನ್ಯಾಯಾಧೀಶರು ಕನ್ನಡಕ ತೆಗೆದು, "ಪಾಲು ಕೊಡೋಕೆ ಈ ಕೋರ್ಟು ಸಾಲದಮ್ಮ" ಎಂದು ನಕ್ಕರು. ಮಾವನತ್ತ ತಿರುಗುವಷ್ಟರಲ್ಲಿ ಆ ನಗು ಉಳಿದಿರಲಿಲ್ಲ. "ಅಂದ್ಕೊಳ್ಳೋದು ಬೇರೆ, ಆಗೋದು ಬೇರೆ ಕಣಯ್ಯ. ಪಂಪಿನ ಪೂರಾ ಬೆಲೆ ಕೊಟ್ಬಿಡು."

ಹೊರಗೆ ಮೆಟ್ಟಿಲ ಮೇಲೆ ಮಾವ ಜೇಬಿನಿಂದಲೇ ನೋಟಿನ ಕಟ್ಟು ಎಳೆದು ಅಕ್ಕನ ಕೈಗೆ ತುರುಕಿದ. ಅಂದರೆ ಕೊಡಲು ದುಡ್ಡಿಲ್ಲದ ಮನುಷ್ಯನೇನಲ್ಲ.

"ಮಗಳನ್ನ ಛೂ ಬಿಟ್ಟು ನನ್ನ ಮಾನ ಕಳೆದೆ. ಇವತ್ತಿಗೆ ನಿನ್ನ ನನ್ನ ಋಣ ಹರೀತು, ತಿಳ್ಕೋ."

ಮಗಳು ಬಾಯಿ ತೆರೆದಳು. ಬೆಳಗಿನಿಂದ ನೀರು ಸೇದಿ ಬೊಬ್ಬೆಯೆದ್ದ ಕೈಯಿಂದ ತಾಯಿ ಅವಳನ್ನು ತಡೆದು ತಾನೇ ಮುಂದೆ ಬಂದಳು.

"ಅದು ನೀನು ಪಂಪು ಮಾರಿದ ದಿನವೇ ಹರೀತು ಕಣೋ. ದುಡ್ಡು ಇವತ್ತು ಬಂತು, ಅಷ್ಟೇ. ದಾರಿ ಬಿಡು. ಅಂಗಡಿ ಬಾಗಿಲು ಹಾಕೋದ್ರೊಳಗೆ ಬೇರೆ ಪಂಪು ತರ್ಬೇಕು."